ಮನೆಯ ಚಟ್ನಿಪುಡಿ ಮಾರಲು ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸುವ ಬಗೆ

ಮನೆಯಲ್ಲಿ ಹುರಿದು ಕುಟ್ಟಿದ ಚಟ್ನಿಪುಡಿ ಮಾರಲೂ ಸರ್ಕಾರದ ಆಹಾರ ಸುರಕ್ಷತೆ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ ನಂಬರು ಬೇಕೆ? 2006ರ ಆಹಾರ ಸುರಕ್ಷತೆ ಕಾಯ್ದೆಯಂತೆ ಬೇಕು. ಆದರೆ ಅದರ 31ನೇ ಸೆಕ್ಷನ್ ಸಣ್ಣ ತಯಾರಕರು, ತಳ್ಳುಗಾಡಿಯವರು, ತಾತ್ಕಾಲಿಕ ಅಂಗಡಿ ಹಾಕುವವರನ್ನು ಲೈಸೆನ್ಸಿನಿಂದ ಬಿಟ್ಟು ನೋಂದಣಿಯನ್ನಷ್ಟೇ ಕೇಳುತ್ತದೆ. ನಂಬರು ಇದ್ದ ಮಾತ್ರಕ್ಕೆ ಪುಡಿ ಶುದ್ಧ ಎಂದೇನಿಲ್ಲ. ತಿಂದವರ ಹೊಟ್ಟೆ ಕೆಟ್ಟರೆ ಯಾರ ಬಾಗಿಲು ತಟ್ಟಬೇಕೆಂದು ಗೊತ್ತಾಗುತ್ತದೆ, ಅಷ್ಟೆ. ಅಷ್ಟನ್ನು ಕೇಳುವುದು ನ್ಯಾಯವೇ.

2011ರ ನಿಯಮಾವಳಿ ನೋಂದಣಿಗೆ ಇಟ್ಟ ಮಿತಿ ವರ್ಷಕ್ಕೆ 12 ಲಕ್ಷ ರೂಪಾಯಿ ವಹಿವಾಟು. ಮಿತಿಗಳನ್ನು ತಿದ್ದುವುದುಂಟು, ಹಾಗಾಗಿ ಅರ್ಜಿಗೆ ಮುಂಚೆ ಎಫ್‌ಎಸ್‌ಎಸ್‌ಎಐ ಅರ್ಜಿ ಹಾಕುವ ಫಾಸ್ಕಾಸ್ ಪೋರ್ಟಲ್‌ನಲ್ಲಿ ಒಮ್ಮೆ ನೋಡಿಕೊಳ್ಳಿ. ವಹಿವಾಟು ಎಂದರೆ ಖರ್ಚು ಕಳೆಯುವ ಮುಂಚಿನ ಒಟ್ಟು ಮಾರಾಟ. ಇಲ್ಲಿ ಲಾಭ ಬರೆದು ಎಡವುವವರೇ ಹೆಚ್ಚು.

ಅರ್ಜಿಯ ಹೆಸರು ಫಾರ್ಮ್ ‘ಎ’, 2011ರ ನಿಯಮಾವಳಿ ಇಟ್ಟ ಶುಲ್ಕ ವರ್ಷಕ್ಕೆ 100 ರೂಪಾಯಿ. ಫೋಟೊ, ಗುರುತಿನ ಚೀಟಿ, ಪುಡಿ ಮಾಡುವ ಜಾಗದ ವಿಳಾಸಕ್ಕೆ ದಾಖಲೆ ಸಿದ್ಧವಿಟ್ಟುಕೊಳ್ಳಿ. ಆಧಾರ್‌ನಲ್ಲಿ ಊರಿನ ಮನೆ, ಅರ್ಜಿಯಲ್ಲಿ ಬಾಡಿಗೆ ಮನೆ ಇದ್ದರೆ ಬಾಡಿಗೆ ಕರಾರು ಪತ್ರ ಹಾಕಿ. ಇಲ್ಲದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ವ್ಯಾಪಾರದ ಬಗೆ ಕೇಳಿದಾಗ ‘ತಯಾರಕ’ ಎಂದೇ ಆರಿಸಿ. ‘ಚಿಲ್ಲರೆ ಮಾರಾಟಗಾರ’ ಎಂದರೆ ಇನ್ನೊಬ್ಬರು ಮಾಡಿದ್ದನ್ನು ಮಾರುವವರು. ಸರ್ಕಾರಿ ಪುಟದಂತೆಯೇ ಕಾಣುವ ಏಜೆಂಟರ ತಾಣಗಳಿವೆ, ತಾಣದ ವಿಳಾಸದ ಕೊನೆಯಲ್ಲಿ gov.in ಇದೆಯೇ ಎಂದು ನೋಡಿಯೇ ಹಣ ಕಟ್ಟಿ.

ಅಧಿಕಾರಿ 7 ದಿನದೊಳಗೆ ನೋಂದಣಿ ಕೊಡಬೇಕು, ಕಾರಣ ಬರೆದು ನಿರಾಕರಿಸಬೇಕು, ಇಲ್ಲವೇ ಪರಿಶೀಲನೆಗೆ ನೋಟಿಸ್ ಕೊಡಬೇಕು. ಪರಿಶೀಲನೆಯಾದರೆ 30 ದಿನ. ಅಷ್ಟರಲ್ಲಿ ಯಾವ ಉತ್ತರವೂ ಬಾರದಿದ್ದರೆ ವ್ಯಾಪಾರ ಶುರುಮಾಡಬಹುದು ಎಂದು 2011ರ ನಿಯಮವೇ ಹೇಳುತ್ತದೆ. ಅರ್ಜಿಯ ರಸೀದಿ ಜೋಪಾನ.

ನಿಜವಾದ ತೊಡಕು ಲೇಬಲ್‌ನಲ್ಲಿ. ಪದಾರ್ಥಗಳನ್ನು ತೂಕ ಹೆಚ್ಚಿರುವುದರಿಂದ ಕಡಿಮೆಯ ಕಡೆಗೆ ಬರೆಯಬೇಕು. ಶೇಂಗಾ ಪುಡಿಯಾದರೆ ಅಲರ್ಜಿ ಎಚ್ಚರಿಕೆಯಲ್ಲಿ ಶೇಂಗಾ ಬರಬೇಕು. ಕೊಬ್ಬರಿ ಪುಡಿಯಲ್ಲೂ ಒಂದು ಕೊಕ್ಕೆ ಇದೆ: ಅಂಗಡಿಯ ಇಂಗಿನಲ್ಲಿ ಸಾಮಾನ್ಯವಾಗಿ ಗೋಧಿ ಹಿಟ್ಟು ಬೆರೆಸಿರುತ್ತಾರೆ, ಆದ್ದರಿಂದ ಡಬ್ಬಿ ಓದಿ ಗೋಧಿಯನ್ನೂ ನಮೂದಿಸಿ. ಹಸಿರು ಚೌಕದೊಳಗಿನ ಹಸಿರು ಚುಕ್ಕೆ, ನಿವ್ವಳ ತೂಕ, ಬ್ಯಾಚ್ ನಂಬರು, ತಯಾರಿಸಿದ ದಿನ, ಬಳಕೆಯ ಕೊನೆ ದಿನ, ಎಂಆರ್‌ಪಿ, ಹೆಸರು ವಿಳಾಸ, ಲೋಗೊ ಸಮೇತ 14 ಅಂಕಿಯ ನಂಬರು, ಇವೂ ಬೇಕು.

ಲೇಬಲ್ ಕನ್ನಡದಲ್ಲಿ ಮಾತ್ರ ಇದ್ದರೆ ಸಾಲದು. 2020ರ ಲೇಬಲಿಂಗ್ ನಿಯಮ ವಿವರಗಳನ್ನು ಇಂಗ್ಲಿಷ್ ಅಥವಾ ದೇವನಾಗರಿಯ ಹಿಂದಿಯಲ್ಲಿ ಕೇಳುತ್ತದೆ, ಕನ್ನಡವನ್ನು ಜೊತೆಗೆ ಹಾಕಿಕೊಳ್ಳಬಹುದು. ಹಾವೇರಿಯ ಸಂತೆಯಲ್ಲಿ ಮಾರುವ ಪುಡಿಗೆ ಈ ಷರತ್ತು ಏಕೋ! ಆದರೂ ಅಚ್ಚು ಹಾಕಿಸುವ ಮುಂಚೆ ಕನ್ನಡದ ಜೊತೆ ಇಂಗ್ಲಿಷ್ ಅಥವಾ ಹಿಂದಿ ಸೇರಿಸಿಬಿಡಿ. ಸಾವಿರ ಸ್ಟಿಕ್ಕರ್ ಮತ್ತೆ ಮಾಡಿಸುವ ಖರ್ಚು ನೋಂದಣಿ ಶುಲ್ಕಕ್ಕಿಂತ ಹೆಚ್ಚು.