ಅಕ್ಕಿ, ಹಕ್ಕಿ ಮತ್ತು ಕೆಂಪು ಶಾಯಿ

ಮಂಡ್ಯ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ 22 ವರ್ಷಗಳಿಂದ ಕನ್ನಡ ಕಲಿಸುತ್ತಿದ್ದೇನೆ. ಮೊದಮೊದಲು ಮಕ್ಕಳ ಪ್ರಬಂಧಗಳಲ್ಲಿ ಕಂಡ ತಪ್ಪುಗಳಿಗೆಲ್ಲ ಒಂದೇ ಬಗೆಯ ಕೆಂಪು ಗೆರೆ ಎಳೆಯುತ್ತಿದ್ದೆ. ‘ಶುಭಾಷಯ’ಕ್ಕೂ ಅದೇ ಗೆರೆ, ‘ಮರದ ಮೇಲೆ ಅಕ್ಕಿ ಕೂತಿತ್ತು’ ಎಂಬುದಕ್ಕೂ ಅದೇ ಗೆರೆ. ಈ ಎರಡು ತಪ್ಪುಗಳ ಹುಟ್ಟು ಬೇರೆಬೇರೆ ಎಂಬುದು ಹೊಳೆದದ್ದು ಎಂಟನೆಯ ತರಗತಿಯ ಹುಡುಗನೊಬ್ಬನಿಂದ. “ಸಾ, ನಮ್ಮನೇಲಿ ಎಲ್ರೂ ಅಂಗೇ ಅನ್ನೋದು. ಅನ್ನ ಮಾಡೋ ಅಕ್ಕಿನೂ ಅಕ್ಕಿನೇ, ಆರೋ ಅಕ್ಕಿನೂ ಅಕ್ಕಿನೇ” ಎಂದ.

ನನಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ಹಳಗನ್ನಡದ ‘ಪಾಲು’ ಮುಂದೆ ‘ಹಾಲು’ ಆದುದನ್ನೂ ‘ಪಕ್ಕಿ’ ‘ಹಕ್ಕಿ’ಯಾದುದನ್ನೂ ಭಾಷೆಯ ಬೆಳವಣಿಗೆ ಎಂದು ನಾವೇ ಪಾಠ ಹೇಳುತ್ತೇವೆ, ಅದೇ ಹಕಾರ ನಮ್ಮ ಸೀಮೆಯ ನಾಲಿಗೆಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಬಿದ್ದುಹೋದರೆ ಅಶುದ್ಧ ಎನ್ನುತ್ತೇವೆ. 13ನೇ ಶತಮಾನದ ಕೇಶಿರಾಜ ತನ್ನ ವ್ಯಾಕರಣ ಗ್ರಂಥ ‘ಶಬ್ದಮಣಿದರ್ಪಣ’ದಲ್ಲಿ, ಹಳಗನ್ನಡದಲ್ಲಿದ್ದ ೞಕಾರ ಎಂಬ ಅಕ್ಷರವಿರುವ ಪದಗಳನ್ನು ಪಟ್ಟಿ ಮಾಡಿಟ್ಟಿದ್ದಾನೆ. ಆ ಅಕ್ಷರ ಜನರ ಬಾಯಲ್ಲಿ ಳಕಾರದೊಡನೆ ಬೆರೆತುಹೋಗಿದ್ದರಿಂದಲೇ ಅಂಥ ಪಟ್ಟಿ ಬೇಕಾಯಿತು. ಅಷ್ಟೆಲ್ಲ ಕಾದಿಟ್ಟರೂ ೞಕಾರ ಉಳಿಯಲಿಲ್ಲ. ಇಂದು ‘ಬಾೞೆ’, ‘ಕೋೞಿ’ ಎಂದು ಯಾರೂ ಬರೆಯುವುದಿಲ್ಲ, ಅದರಿಂದ ಕನ್ನಡ ಕೆಟ್ಟಿತೆಂದು ಯಾರೂ ಕೊರಗುವುದೂ ಇಲ್ಲ.

ಹಾಗೆಂದು ಬರವಣಿಗೆಯಲ್ಲಿ ಹಕಾರವನ್ನು ಬಿಟ್ಟುಕೊಡಲಿಲ್ಲ. ಆಡು ಮತ್ತು ಹಾಡು, ಅರಳು ಮತ್ತು ಹರಳು ಹಾಳೆಯ ಮೇಲೆ ಬೇರೆಯಾಗಿಯೇ ಕಾಣಬೇಕು. ನಮ್ಮ ಹುಡುಗ ಬರೆದದ್ದನ್ನು ಬೀದರಿನವರೂ ಮಂಗಳೂರಿನವರೂ ಓದಬೇಕು. ಬದಲಾದದ್ದು ನಾನು ತಿದ್ದುವ ರೀತಿ. ಹಲಗೆಯ ಮೇಲೆ ಪಕ್ಕಿ, ಹಕ್ಕಿ, ಅಕ್ಕಿ ಎಂದು ಸಾಲಾಗಿ ಬರೆದು, ಮನೆಯ ಮಾತು ತಪ್ಪಲ್ಲ, ಬರಹಕ್ಕೆ ನಾಡೆಲ್ಲ ನಡುವಿನದನ್ನು ಒಪ್ಪಿಕೊಂಡಿದೆ ಎಂದು ವಿವರಿಸಿದೆ. ಕೆಂಪು ಗೆರೆಗೆ ಹೆದರಿ ಇಲಿಯನ್ನು ‘ಹಿಲಿ’ ಎಂದೂ ಎಲೆಯನ್ನು ‘ಹೆಲೆ’ ಎಂದೂ ಬರೆಯುತ್ತಿದ್ದ ಮಕ್ಕಳಿದ್ದರು. ಆ ತಪ್ಪನ್ನು ಹುಟ್ಟಿಸಿದ್ದು ಅವರ ನಾಲಿಗೆಯಲ್ಲ, ನನ್ನ ಲೇಖನಿ. ಹೆದರಿಕೆ ಕಳೆದ ಮೇಲೆ ಅದು ತಾನಾಗಿಯೇ ಕಡಿಮೆಯಾಯಿತು.

‘ಎರಡು ಮರ ಬಿದ್ದಿದೆ’ ಎಂಬಂಥ ವಾಕ್ಯಕ್ಕೆ ಈಗ ಗೆರೆ ಎಳೆಯುವುದಿಲ್ಲ. ‘ಬಿದ್ದಿವೆ’ ಎಂದೇ ಆಗಬೇಕೆಂದು ಸಹೋದ್ಯೋಗಿಯೊಬ್ಬರು ಇಂದಿಗೂ ವಾದಿಸುತ್ತಾರೆ. ಆದರೆ ‘ಎರಡು’ ಎಂಬ ಮಾತೇ ಬಹುತ್ವವನ್ನು ಹೇಳಿದೆ, ಓದಿದವರೂ ಓದದವರೂ ಹೀಗೆಯೇ ಆಡುತ್ತಾರೆ.

‘ಶುಭಾಷಯ’, ‘ಜಾತ್ಯಾತೀತ’ಗಳ ವಿಷಯದಲ್ಲಿ ಮಾತ್ರ ನಾನು ಸಡಿಲಗೊಂಡಿಲ್ಲ. ‘ಆಶಯ’ವನ್ನು ‘ಆಷಯ’ ಎಂದು ಬರೆಯದವರು ಅದರ ಹಿಂದೆ ‘ಶುಭ’ ಸೇರಿದೊಡನೆ ಷಕಾರ ತರುತ್ತಾರೆಂದರೆ, ಅಲ್ಲಿ ಬದಲಾದದ್ದು ಭಾಷೆಯಲ್ಲ. ಪದ ಹೇಗೆ ಕೂಡಿದೆ ಎಂಬುದನ್ನು ಯಾರೂ ಅವರಿಗೆ ಬಿಡಿಸಿ ತೋರಿಸಿಲ್ಲ. ಜಾತಿ, ಅತೀತ ಎಂದು ಬಿಡಿಸಿಟ್ಟರೆ ‘ಜಾತ್ಯತೀತ’ವನ್ನು ಮಗು ತಾನೇ ಕೂಡಿಸುತ್ತದೆ.

ಕರ್ಮಣಿ ಪ್ರಯೋಗದ ಅಭ್ಯಾಸದಲ್ಲಿ ‘ನನ್ನಿಂದ ಊಟ ಮಾಡಲ್ಪಟ್ಟಿತು’ ಎಂದು ಬರೆದರೆ ಪೂರ್ಣ ಅಂಕ ಕೊಡುತ್ತೇನೆ, ಏಕೆಂದರೆ ನಿಯಮ ಅದನ್ನೇ ಕೇಳುತ್ತದೆ. ಆದರೆ ಅದೇ ವಾಕ್ಯ ಪ್ರಬಂಧದಲ್ಲಿ ಬಂದರೆ ‘ಮನೆಯಲ್ಲಿ ಹೀಗೆ ಹೇಳುತ್ತೀಯಾ?’ ಎಂದು ಅಂಚಿನಲ್ಲಿ ಬರೆದು ಪುಸ್ತಕ ಹಿಂದಿರುಗಿಸುತ್ತೇನೆ.