ಹೊಲ ಬಿಟ್ಟು ನವನಗರಕ್ಕೆ ಬಂದ ಮನೆಗಳು ಸಕ್ಕರೆ ಕಾಯಿಲೆಯ ಅಪಾಯ ತಗ್ಗಿಸಿಕೊಳ್ಳುವ ಬಗೆ

ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹೊಲ ಬಿಟ್ಟುಕೊಟ್ಟು ಬಾಗಲಕೋಟೆಯ ನವನಗರಕ್ಕೂ ಪುನರ್ವಸತಿ ಕೇಂದ್ರಗಳಿಗೂ ಬಂದ ಅನೇಕ ಮನೆಗಳಲ್ಲಿ ದಿನವಿಡೀ ಮೈ ದಣಿಸುತ್ತಿದ್ದ ದುಡಿಮೆ ತಪ್ಪಿತು, ಊಟದ ಅಳತೆ ಮಾತ್ರ ಹೊಲದ ಕಾಲದ್ದೇ ಉಳಿಯಿತು. 1975ರ ನಂತರ ಲಾವೋಸ್‌ನ ಗುಡ್ಡಗಾಡು ತೊರೆದು ಅಮೆರಿಕದ ಮಿನ್ನೆಸೋಟ, ವಿಸ್ಕಾನ್ಸಿನ್, ಕ್ಯಾಲಿಫೋರ್ನಿಯಾಗಳಲ್ಲಿ ನೆಲೆಸಿದ ಹ್ಮಾಂಗ್ ಜನರಲ್ಲೂ ಬೇಸಾಯ ಹೋಗಿ ಅನ್ನ ಉಳಿಯಿತು, ಅದರೊಂದಿಗೆ ಸಿಹಿ ಪಾನೀಯಗಳು ಸೇರಿಕೊಂಡವು, ಮಧುಮೇಹ ಹೆಚ್ಚಿತು.

ಮೊದಲು ಅಳೆದು ನೋಡಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಎಲುಬಿಗೂ ನಡುವೆ ಟೇಪು ಸುತ್ತಿ, ಉಸಿರು ಬಿಟ್ಟ ಮೇಲೆ ನೋಡಿದಾಗ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂ.ಮೀ. ತಲುಪಿದ್ದರೆ ಅದು ಎಚ್ಚರಿಕೆ. ಮೂವತ್ತು ದಾಟಿದವರೆಲ್ಲ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳಬೇಕು. ಬಸಿರಿನಲ್ಲಿ ಸಕ್ಕರೆ ಏರಿದ್ದ ಹೆಣ್ಣುಮಕ್ಕಳು ವಯಸ್ಸಿಗೆ ಕಾಯಬಾರದು. ಬರಿಹೊಟ್ಟೆಯ ಸಕ್ಕರೆ ಡೆಸಿಲೀಟರ್ ರಕ್ತಕ್ಕೆ 100ರಿಂದ 125 ಮಿ.ಗ್ರಾಂ. ಇದ್ದರೆ ಕಾಯಿಲೆಯ ಹೊಸ್ತಿಲು, 126 ಅಥವಾ ಹೆಚ್ಚಿದ್ದರೆ ಮತ್ತೊಮ್ಮೆ ಪರೀಕ್ಷಿಸಿ ವೈದ್ಯರು ನಿರ್ಧರಿಸುತ್ತಾರೆ.

ಇನ್ನು ಅಡುಗೆಮನೆ. ರೊಟ್ಟಿ ತಿನ್ನುವವರಿಗೆ ಸಕ್ಕರೆ ಕಾಯಿಲೆ ಬರುವುದಿಲ್ಲವೆಂಬ ನಂಬಿಕೆಯನ್ನು ದಯವಿಟ್ಟು ಬಿಡಿ, ಜೋಳದಲ್ಲಿರುವುದೂ ಹೊಟ್ಟೆಯಲ್ಲಿ ಕರಗಿ ಸಕ್ಕರೆಯಾಗುವ ಪಿಷ್ಟವೇ. ರೊಟ್ಟಿಗೆ ಪುಂಡಿಪಲ್ಲೆ, ಮಡಿಕೆ ಕಾಳಿನ ಉಸುಳಿ, ಹಸಿ ಮೆಂತ್ಯ, ಸೌತೆಕಾಯಿ ಹಚ್ಚಿಕೊಂಡು ಉಣ್ಣುವ ನಮ್ಮ ಹಳೆಯ ಪದ್ಧತಿ ಬಹಳ ಒಳ್ಳೆಯದು, ಆದರೆ ಮೂರು ರೊಟ್ಟಿಯ ಮೇಲೆ ತಾಟು ತುಂಬ ಅನ್ನ ಬಡಿಸಿಕೊಂಡರೆ ಆ ಒಳ್ಳೆಯದೆಲ್ಲ ಹೋಗುತ್ತದೆ. ಅರ್ಧ ತಾಟು ಪಲ್ಲೆ ಮತ್ತು ಹಸಿ ತರಕಾರಿ, ಕಾಲು ಭಾಗ ಕಾಳು, ಉಳಿದ ಕಾಲು ಭಾಗದಲ್ಲಿ ರೊಟ್ಟಿ ಅಥವಾ ಅನ್ನ, ಎರಡರಲ್ಲಿ ಒಂದೇ. ಮನೆಯ ಹಿರಿಯರಿಗೆ ಬೇರೆ ಅಡುಗೆ ಮಾಡಬೇಡಿ, ಎಲ್ಲರೂ ಒಂದೇ ಬಗೆಯ ಊಟ ಮಾಡಿದರೆ ಮಾತ್ರ ಈ ಬದಲಾವಣೆ ನಿಲ್ಲುತ್ತದೆ.

ಚಹಾದ ಲೆಕ್ಕವನ್ನು ಯಾರೂ ಇಡುವುದಿಲ್ಲ. ದಿನಕ್ಕೆ ನಾಲ್ಕು ಕಪ್ಪು, ಕಪ್ಪಿಗೆ ಎರಡು ಚಮಚವೆಂದರೆ ಎಂಟು ಚಮಚ ಸಕ್ಕರೆ. ಬೆಲ್ಲ ಹಾಕಿದರೂ ರಕ್ತದಲ್ಲಿ ಏರುವುದು ಸಕ್ಕರೆಯೇ. ಬಂದವರಿಗೆ ಚಹಾ ಕೊಡುವ ಮರ್ಯಾದೆ ಉಳಿಯಲಿ, ಸಕ್ಕರೆಯನ್ನು ಬೇರೆ ಬಟ್ಟಲಲ್ಲಿಡಿ. ವರ್ಷಕ್ಕೊಮ್ಮೆ ಬರುವ ಎಳ್ಳಮಾವಾಸ್ಯೆಯ ಚರಗದ ಹಬ್ಬದೂಟವನ್ನು ತಪ್ಪಿಸಬೇಕಿಲ್ಲ. ಕೇಡು ಇರುವುದು ನಿತ್ಯದ ಊಟದಲ್ಲಿ.

ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾಗಿ ನಡೆಯಬೇಕು. ಅಂಗಡಿಯಲ್ಲಿ ಕೂಡುವವರು ಉಂಡ ನಂತರ ಹತ್ತು ನಿಮಿಷವಾದರೂ ಓಡಾಡಲಿ. ಈಗಾಗಲೇ ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿರುವವರು ವೈದ್ಯರನ್ನು ಕೇಳದೆ ಊಟ ಕಡಿಮೆ ಮಾಡಕೂಡದು, ಉಪವಾಸವನ್ನೂ ಹಿಡಿಯಕೂಡದು, ಏಕೆಂದರೆ ಸಕ್ಕರೆ ಒಮ್ಮೆಲೇ ಕುಸಿದು ಪ್ರಜ್ಞೆ ತಪ್ಪಬಹುದು.