ಒಬ್ಬರೇ ಹೊರಡುವುದು: ಹಾಸನ–ಚಿಕ್ಕಮಗಳೂರಿನಲ್ಲಿ ನಾನು ಅನುಸರಿಸುವ ಕ್ರಮ

ಒಬ್ಬರೇ ತಿರುಗಾಡುವುದರಿಂದ ಏನು ಸಿಗುತ್ತದೆ ಎಂದರೆ ಧೈರ್ಯ, ಸ್ವಾತಂತ್ರ್ಯ ಎಂದು ದೊಡ್ಡ ಮಾತು ಹೇಳುವವರೇ ಹೆಚ್ಚು. ನನಗೆ ಸಿಗುವುದು ಅದಕ್ಕಿಂತ ಚಿಕ್ಕದು, ಆದರೆ ಖಾತ್ರಿಯಾದದ್ದು. ಎಲ್ಲಿ ಎಷ್ಟು ಹೊತ್ತು ನಿಲ್ಲಬೇಕೆಂಬ ತೀರ್ಮಾನ ನನ್ನ ಕೈಯಲ್ಲಿರುತ್ತದೆ. ಗುಂಪಿನಲ್ಲಿ ಹೋದರೆ ಹಳೇಬೀಡಿಗೆ ಮುಕ್ಕಾಲು ಗಂಟೆ, ಬೇಲೂರಿಗೆ ಒಂದು ಗಂಟೆ, ಮಿಕ್ಕಿದ್ದೆಲ್ಲ ಊಟ ಎಲ್ಲಿ ಎಂಬ ಚರ್ಚೆಗೆ. ಆದರೆ ಒಬ್ಬರೇ ಹೊರಟ ಮಾತ್ರಕ್ಕೆ ಬಿಡುವು ತಾನಾಗಿ ಸಿಗುವುದಿಲ್ಲ, ಅದಕ್ಕೆ ತಯಾರಿ ಬೇಕು. ತಯಾರಿ ಇಲ್ಲದಿದ್ದರೆ ಇಡೀ ದಿನ ಬಸ್ಸಿನ ಚಿಂತೆಯಲ್ಲೇ ಕಳೆಯುತ್ತದೆ.

ಮೊದಲ ಸಲ ಹೊರಡುವವರಿಗೆ ನಾನು ಹೇಳುವುದು ಶ್ರವಣಬೆಳಗೊಳ. ಹಾಸನದಿಂದ ನೇರ ಬಸ್ಸು ಕಡಿಮೆ. ಚನ್ನರಾಯಪಟ್ಟಣಕ್ಕೆ ಹೋಗಿ ಅಲ್ಲಿ ಬದಲಾಯಿಸಿಕೊಂಡರೆ ಕಾಯುವುದು ತಪ್ಪುತ್ತದೆ. ವಿಂಧ್ಯಗಿರಿಗೆ ಆರುನೂರಕ್ಕೂ ಹೆಚ್ಚು ಮೆಟ್ಟಿಲು, ಬರಿಗಾಲಲ್ಲೇ ಹತ್ತಬೇಕು. ಬೆಳಗ್ಗೆ ಒಂಬತ್ತರ ಒಳಗೆ ಇಳಿದುಬಿಡಬೇಕು, ಆಮೇಲೆ ಬಂಡೆ ಕಾಯುತ್ತದೆ. ಒಂದು ಜೊತೆ ದಪ್ಪ ಹತ್ತಿ ಸಾಕ್ಸ್ ಬ್ಯಾಗಿನಲ್ಲಿರಲಿ. ನಿಮ್ಮ ಉಸಿರಿನ ಲೆಕ್ಕಕ್ಕೆ ಹತ್ತಬಹುದು, ‘ಬೇಗ ಬನ್ನಿ’ ಎನ್ನುವವರಿಲ್ಲ. ಗೊಮ್ಮಟನನ್ನು ನೋಡಿ ಇಳಿದ ಗುಂಪುಗಳು ಎದುರಿನ ಚಂದ್ರಗಿರಿಯನ್ನು ಬಿಟ್ಟು ಹೊರಟುಬಿಡುತ್ತವೆ. ಒಬ್ಬರೇ ಬಂದವರಿಗೆ ಅದೇ ಲಾಭ. ಚಾವುಂಡರಾಯ ಬಸದಿ, ಚಂದ್ರಗುಪ್ತ ಬಸದಿ, ಬಂಡೆಯ ಮೇಲಿನ ಹಳೆಯ ಶಾಸನಗಳನ್ನೆಲ್ಲ ಗಲಾಟೆಯಿಲ್ಲದೆ ನೋಡಲು ಎರಡು ಗಂಟೆ ಇಟ್ಟುಕೊಳ್ಳಿ.

ಹಳೇಬೀಡಿಗೆ ನಾನು ಕೊಡುವುದು ಇಡೀ ದಿನ. ಹಾಸನದಿಂದ ಸುಮಾರು 30 ಕಿ.ಮೀ., ಬೆಳಗಿನ ಬಸ್ಸು ಹಿಡಿದರೆ ಪ್ರವಾಸಿ ಬಸ್ಸುಗಳ ಗದ್ದಲಕ್ಕೆ ಮೊದಲೇ ಒಳಗಿರಬಹುದು. ಹೊಯ್ಸಳೇಶ್ವರ ಪೂರ್ವಕ್ಕೆ ಮುಖ ಮಾಡಿದ ಗುಡಿ. ಹಾಗಾಗಿ ಬೆಳಗ್ಗೆ ಪೂರ್ವದ ಬಾಗಿಲುಗಳು, ನಂದಿ ಮಂಟಪಗಳು ಮತ್ತು ಒಳಭಾಗ. ದೊಡ್ಡ ದೇವತಾಮೂರ್ತಿಗಳಿರುವ ಪಶ್ಚಿಮದ ಗೋಡೆ ಮಧ್ಯಾಹ್ನ ಮೂರರ ಮೇಲೆ. ಇಳಿಬಿಸಿಲು ಓರೆಯಾಗಿ ಬೀಳುವಾಗ ಕೆತ್ತನೆಯ ಆಳ ಎದ್ದು ಕಾಣುತ್ತದೆ. ನಡುಮಧ್ಯಾಹ್ನದ ನೆತ್ತಿ ಬಿಸಿಲಿನಲ್ಲಿ ಅದೇ ಗೋಡೆ ಚಪ್ಪಟೆ. ನಡುವಿನ ಹೊತ್ತಿಗೆ ಅರ್ಧ ಕಿ.ಮೀ. ಆಚೆಯ ಬಸದಿಹಳ್ಳಿ ಇದೆ. ಪಾರ್ಶ್ವನಾಥ ಬಸದಿಯ ಕಂಬಗಳಲ್ಲಿ ಮುಖ ಕಾಣುವಷ್ಟು ನಯ. ಜನವೂ ಕಡಿಮೆ, ನೆರಳೂ ಇದೆ.

ಗೋಡೆ ನೋಡುವುದಕ್ಕೊಂದು ಕ್ರಮವಿದೆ. ದಕ್ಷಿಣದ ಬಾಗಿಲ ಪಕ್ಕದ ಕುಣಿಯುವ ಗಣಪನಿಂದ ಶುರುಮಾಡಿ ಪ್ರದಕ್ಷಿಣೆಯಾಗಿ ನಡೆಯಬೇಕು. ಮೊದಲ ಸುತ್ತಿನಲ್ಲಿ ಕೆಳಗಿನ ಪಟ್ಟಿಗಳು ಮಾತ್ರ: ಆನೆ, ಸಿಂಹ, ಬಳ್ಳಿ, ಕುದುರೆ, ಮತ್ತೆ ಬಳ್ಳಿ, ಕಥೆ, ಮಕರ, ಹಂಸ. ಎರಡನೆಯದರಲ್ಲಿ ಕಥೆಯ ಪಟ್ಟಿಯೊಂದೇ. ರಾಮಾಯಣ, ಭಾರತ, ಭಾಗವತದ ಪ್ರಸಂಗಗಳನ್ನು ನೀವೇ ಗುರುತು ಹಿಡಿಯಲು ನೋಡಿ, ಹೊಳೆಯದಿದ್ದರೆ ಪುಸ್ತಕದಲ್ಲಿ ಗೀಚಿಕೊಳ್ಳಿ. ಮೂರನೆಯದಕ್ಕೆ ದೊಡ್ಡ ಮೂರ್ತಿಗಳು. ಗೈಡನ್ನು ಆಮೇಲೆ ಕರೆಯುವುದು. ಆಗ ಕೇಳುವ ಪ್ರಶ್ನೆಗಳು ನಿಮ್ಮವೇ ಆಗಿರುತ್ತವೆ, ಅವರೂ ಬಾಯಿಪಾಠ ಬಿಟ್ಟು ಮಾತಾಡುತ್ತಾರೆ. ಒಬ್ಬರಿಗೂ ಹತ್ತು ಜನಕ್ಕೂ ಗೈಡ್ ದುಡ್ಡು ಒಂದೇ ಆಗುವುದರಿಂದ, ಚಿಕ್ಕ ಸಂಸಾರ ಕಂಡರೆ ‘ನಾನೂ ಸೇರ್ಕೋಬಹುದಾ ಅಕ್ಕ, ಪಾಲು ಕೊಡ್ತೀನಿ’ ಎಂದರಾಯಿತು. ಆವರಣದ ಮ್ಯೂಸಿಯಂಗೆ ಶುಕ್ರವಾರ ರಜೆ.

ಅಲ್ಲಿಂದ ಬೇಲೂರು 16 ಕಿ.ಮೀ., ಬಸ್ಸಿಗೆ ತೊಂದರೆಯಿಲ್ಲ. ಬೇಲೂರಿನ ಚೆನ್ನಕೇಶವ ಪೂಜೆ ನಡೆಯುವ ಗುಡಿ, ಮಧ್ಯಾಹ್ನ ಬಾಗಿಲು ಹಾಕುತ್ತಾರೆ. ಲೆಕ್ಕ ತಪ್ಪಿದರೆ ಬಿಸಿಲಲ್ಲಿ ಕೂರಬೇಕು. ಬೆಳವಾಡಿಯ ವೀರನಾರಾಯಣ ಗುಡಿಗೆ ಹಳೇಬೀಡಿನಿಂದ ಜಾವಗಲ್ ಕಡೆಯ ಬಸ್ಸು. ಇಲ್ಲಿ ಒಂದು ಬಸ್ಸಿಗೂ ಇನ್ನೊಂದಕ್ಕೂ ಅಂತರ ಜಾಸ್ತಿ. ಇಳಿಯುವಾಗಲೇ ‘ವಾಪಸ್ ಯಾವ ಬಸ್ಸಿದೆ, ಕೊನೇದು ಎಷ್ಟೊತ್ತಿಗೆ ಅಣ್ಣ?’ ಎಂದು ಕಂಡಕ್ಟರನ್ನೇ ಕೇಳಬೇಕು.

ಬಸ್ಸಿನ ವಿಷಯದಲ್ಲಿ ಕೇಳುವ ರೀತಿಯೇ ಮುಖ್ಯ. ‘ಬಸ್ಸು ಎಷ್ಟೊತ್ತಿಗೆ?’ ಎಂದರೆ ಎಲ್ಲರ ಉತ್ತರವೂ ‘ಈಗ ಬರುತ್ತೆ’. ‘ಹಿಂದಿನ ಬಸ್ಸು ಹೋಗಿ ಎಷ್ಟೊತ್ತಾಯ್ತು?’ ಎಂದು ಕೇಳಿದರೆ ನಿಜವಾದ ಲೆಕ್ಕ ಸಿಗುತ್ತದೆ. ಅಂಗಡಿಯವರು, ಹೂವಿನವರು, ಶಾಲೆ ಮಕ್ಕಳು, ಈ ಮೂವರಲ್ಲಿ ಮಕ್ಕಳ ಮಾತನ್ನೇ ನಾನು ನಂಬುವುದು. ದಿನಾ ಹೋಗಿಬರುವವರು ಅವರೇ. ಕೊನೆಯ ಬಸ್ಸಿನ ಮೇಲೆ ಯೋಜನೆ ಕಟ್ಟಬಾರದು, ಅದರ ಹಿಂದಿನದೇ ನಿಮ್ಮ ಕೊನೆಯ ಬಸ್ಸು. ಹೆಂಗಸರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆ ಇರುವುದರಿಂದ ಸರ್ಕಾರಿ ಸಾಮಾನ್ಯ, ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಖರ್ಚಿಲ್ಲ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ಪಡೆಯಲೇಬೇಕು. ರಾಜಹಂಸ, ಐರಾವತ, ಖಾಸಗಿ ಬಸ್ಸಿಗೆ ಇದು ನಡೆಯದು. ಕೊಪ್ಪ, ಶೃಂಗೇರಿ ಕಡೆಗೆ ಹೋಗುವವರು ಖಾಸಗಿ ಬಸ್ಸಿನ ದುಡ್ಡು ಇಟ್ಟುಕೊಂಡಿರಲಿ. ಚಿಲ್ಲರೆಯನ್ನು ಟಿಕೆಟ್ ಹಿಂದೆ ಬರೆದುಕೊಟ್ಟಿದ್ದರೆ ಇಳಿಯುವ ಎರಡು ಸ್ಟಾಪ್ ಮುಂಚೆಯೇ ಕೇಳಿ. ಒಬ್ಬರೇ ಇದ್ದಾಗ ನೆನಪಿಸುವವರು ಇರುವುದಿಲ್ಲ.

ಬ್ಯಾಗಿನ ತೂಕ ಐದು ಕಿಲೋ ದಾಟಬಾರದು. ಶೌಚಾಲಯಕ್ಕೆ ಹೋಗುವಾಗಲೂ ಅದು ಹೆಗಲ ಮೇಲೇ ಇರಬೇಕಲ್ಲ, ನೋಡಿಕೊಳ್ಳಿ ಎನ್ನಲು ಜೊತೆಯಲ್ಲಿ ಯಾರೂ ಇಲ್ಲ. ಎರಡು ಜೊತೆ ಬಟ್ಟೆ, ಒಂದೂವರೆ ಲೀಟರ್ ನೀರು, ಟಾರ್ಚ್, 10,000 ಎಂಎಎಚ್ ಪವರ್ ಬ್ಯಾಂಕ್, ಹತ್ತು–ಇಪ್ಪತ್ತು–ಐವತ್ತರ ನೋಟುಗಳಲ್ಲಿ ಒಂದು ಸಾವಿರ ರೂಪಾಯಿ. ಈ ಸಾವಿರವನ್ನು ಎರಡು ಕಡೆ ಹಂಚಿಡುವುದು. ಮಲೆನಾಡಿನಲ್ಲಿ ಸಿಗ್ನಲ್ ಹುಡುಕಿ ಹುಡುಕಿಯೇ ಫೋನಿನ ಚಾರ್ಜು ಮುಗಿಯುತ್ತದೆ. ನೆಟ್‌ವರ್ಕ್ ಇಲ್ಲದ ಕಡೆ ಏರೋಪ್ಲೇನ್ ಮೋಡಿಗೆ ಹಾಕಿ, ನಕ್ಷೆಯನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ಫೋನ್ ಹಾಗೆ ಸುಮ್ಮನಾದಾಗ ಸಿಗುವ ಲಾಭ ಬೇರೆಯದು. ಬಸ್‌ಸ್ಟ್ಯಾಂಡಿನ ಮೊದಲ ಅರ್ಧ ಗಂಟೆ ಬೇಜಾರು, ಆಮೇಲೆ ಪಕ್ಕದವರ ಹತ್ತಿರ ಮಾತು ತಾನಾಗಿ ಬರುತ್ತದೆ. ಈ ಸಲ ಕಾಫಿ ಗಿಡ ಹೂಬಿಡಿಸುವ ಹೂಮಳೆ ಸರಿಯಾಗಿ ಬಿತ್ತಾ, ಮೆಣಸಿಗೆ ಏನು ರೇಟು ಎಂದು ಕೇಳಿ ನೋಡಿ. ತೋಟದವರು ಬಸ್ಸು ಬಂದರೂ ಮಾತು ನಿಲ್ಲಿಸರು.

ಲಾಡ್ಜಿನಲ್ಲಿ ಒಬ್ಬರಿಗೆ ರೂಮ್ ಕೊಡಲು ಹಿಂದೆಮುಂದೆ ನೋಡುವವರು ಚಿಕ್ಕ ಊರುಗಳಲ್ಲಿ ಇನ್ನೂ ಇದ್ದಾರೆ. ಹಿಂದಿನ ದಿನವೇ ಫೋನ್ ಮಾಡಿ ‘ಒಬ್ಬರೇ, ಒಂದು ರಾತ್ರಿ, ಐದು ಗಂಟೆಗೆ ಬರ್ತೀನಿ’ ಎಂದು ಹೇಳಿ, ಐದಕ್ಕೇ ಹೋಗಿ. ಇಲ್ಲ ಎಂದರೂ ಬೇರೆ ಕಡೆ ಹುಡುಕಲು ಬೆಳಕಿರುತ್ತದೆ. ಆ ಲಾಡ್ಜಿನ ನಂಬರು ಮನೆಯವರ ಹತ್ತಿರ ಇರಬೇಕು. ನನ್ನ ಲೆಕ್ಕ ಹೀಗಿದೆ: ಸಂಜೆ ಏಳಕ್ಕೆ ನನ್ನ ಮೆಸೇಜ್, ಬರದಿದ್ದರೆ ಎಂಟಕ್ಕೆ ಅವರ ಫೋನ್, ಒಂಬತ್ತಕ್ಕೆ ಲಾಡ್ಜಿಗೆ, ಅಲ್ಲೂ ಇಲ್ಲದಿದ್ದರೆ ತುರ್ತು ನಂಬರು 112. ಇದು ಗೊತ್ತಾದ ಮೇಲೆ ಗಂಟೆಗೊಮ್ಮೆ ‘ಎಲ್ಲಿದೀಯ’ ಎಂಬ ಫೋನ್ ನಿಲ್ಲುತ್ತದೆ. ದಾರಿಯಲ್ಲಿ ಸಿಕ್ಕವರು ‘ಒಬ್ರೇನಾ?’ ಎಂದರೆ ‘ನಮ್ಮೋರು ಊರಲ್ಲಿದಾರೆ, ಅಲ್ಲಿಗೇ ಹೋಗ್ತಿದೀನಿ’ ಎಂದರೆ ಸಾಕು. ಎಲ್ಲಿ ಉಳಿದಿದ್ದೀರೆಂದು ಹೇಳಬೇಕಿಲ್ಲ.

ಒಬ್ಬರೇ ಹೋಗಬಾರದ ಜಾಗಗಳೂ ಇವೆ. ಸಕಲೇಶಪುರ, ಆಲೂರು, ಬೇಲೂರು ತಾಲ್ಲೂಕುಗಳ ತೋಟದ ದಾರಿಗಳಲ್ಲಿ ಆನೆ ಓಡಾಟವಿದೆ. ಬೆಳಗಿನ ಮಬ್ಬಿನಲ್ಲಿ, ಸಂಜೆ ಆರರ ಮೇಲೆ ಅಲ್ಲಿ ನಡೆದುಕೊಂಡು ಹೋಗುವುದು ಧೈರ್ಯವಲ್ಲ, ದಡ್ಡತನ. ‘ಆನೆ ಯಾವ ಕಡೆ ಇದೆ?’ ಎಂದು ಊರವರನ್ನು ಕೇಳಿಯೇ ಹೆಜ್ಜೆ ಇಡಬೇಕು, ಇಲ್ಲಿ ಅದು ವಿಚಿತ್ರ ಪ್ರಶ್ನೆ ಅಲ್ಲ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಗೆ ಸರ್ಪದಾರಿಯಲ್ಲಿ ನಡೆದು ಹತ್ತುವ ಆಸೆಯಿದ್ದರೆ ಮಳೆಗಾಲ ಬೇಡ. ಮಂಜು ಕವಿದರೆ ಹತ್ತು ಹೆಜ್ಜೆ ಮುಂದಿನದು ಕಾಣದು, ಕಾಲು ಉಳುಕಿದರೆ ಕೂಗಿದ್ದು ಯಾರಿಗೂ ಕೇಳದು. ನವೆಂಬರಿನಿಂದ ಫೆಬ್ರವರಿವರೆಗೆ, ವಾರದ ನಡುವಿನ ದಿನ, ಇತರ ಚಾರಣಿಗರು ಹತ್ತುವ ಹೊತ್ತಿಗೆ ಹೊರಡಿ. ತಿರುಗುವ ಸಮಯವನ್ನು ಕೆಳಗಿರುವಾಗಲೇ ಗಟ್ಟಿಮಾಡಿಕೊಳ್ಳಿ. ಹನ್ನೊಂದು ಎಂದುಕೊಂಡಿದ್ದರೆ, ತುದಿ ಕಣ್ಣೆದುರಿಗಿದ್ದರೂ ಹನ್ನೊಂದಕ್ಕೆ ವಾಪಸ್. ಜೀಪಿನ ಬಾಡಿಗೆ ಒಬ್ಬರಿಗೆ ದುಬಾರಿ, ಪಾಲಿಗೆ ಜನ ಸಿಗುವವರೆಗೆ ಚಿಕ್ಕಮಗಳೂರಿನಲ್ಲೇ ಕಾಯಬೇಕು. ವಾಹನ ಬಿಡುವ ನಿಯಮ ಆಗಾಗ ಬದಲಾಗುವುದರಿಂದ ಹಿಂದಿನ ಸಂಜೆಯೇ ವಿಚಾರಿಸಿ.